ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆ, ಎರಡು ಸಲ ಫಾರ್ಮ್ಯಾಟ್ ಮಾಡಿದರೂ ಸರಿಹೋಗಿಲ್ಲ

ಮಳೆಹನಿ:

ಎಲ್ಲರಿಗೂ ನಮಸ್ಕಾರ. ಒಂದೂವರೆ ತಿಂಗಳ ಹಿಂದೆ ಮನೆಗೆ ಅಂತ ಒಂದು ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ತೆಗೆದುಕೊಂಡೆ. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ. ಮಾರಿದವರು ನನ್ನೆದುರೇ ಆನ್ ಮಾಡಿ ತೋರಿಸಿದ್ದರು. ಅರ್ಧ ಗಂಟೆ ಕೂತು ನೋಡಿದೆ, ಏನೂ ತೊಂದರೆ ಕಾಣಲಿಲ್ಲ. ಮನೆಗೆ ತಂದ ಮೂರನೇ ದಿನದಿಂದ ಶುರುವಾಯಿತು.

ಕೆಲವು ಸಲ ನೀಲಿ ಪರದೆ ಬಂದು ತಾನೇ ರೀಸ್ಟಾರ್ಟ್ ಆಗುತ್ತದೆ. ಅದರಲ್ಲಿ ಏನು ಬರೆದಿದೆ ಅಂತ ಓದುವಷ್ಟರಲ್ಲಿ ಹೋಗಿರುತ್ತದೆ. ಕೆಲವು ಸಲ ನೀಲಿ ಪರದೆಯೂ ಇಲ್ಲ, ಪ್ಲಗ್ ಕಿತ್ತ ಹಾಗೆ ಟಕ್ ಅಂತ ಕಪ್ಪಾಗಿ ಮತ್ತೆ ತಾನೇ ಆನ್ ಆಗುತ್ತದೆ. ದಿನಕ್ಕೆ ಒಂದೇ ಸಲ ಆಗುವುದೂ ಉಂಟು, ಒಂದೇ ಸಂಜೆ ಐದು ಸಲ ಆಗಿದ್ದೂ ಉಂಟು. ಬ್ರೌಸರ್‌ನಲ್ಲಿ ಸುಮ್ನೆ ಏನೋ ಓದುತ್ತಿದ್ದಾಗಲೂ ಆಗಿದೆ, ಮಗ ಗೇಮ್ ಆಡುತ್ತಿದ್ದಾಗಲೂ ಆಗಿದೆ.

ಇಲ್ಲಿಯವರೆಗೆ ಮಾಡಿದ್ದು ಇಷ್ಟು. ವಿಂಡೋಸ್ 11 ಎರಡು ಸಲ ಹೊಸದಾಗಿ ಹಾಕಿದೆ. ಎರಡನೇ ಸಲ ಹಾಕುವಾಗ ಯಾವುದೋ ಫೈಲ್ ಸರಿಯಿಲ್ಲ ಅಂತ ಮಧ್ಯದಲ್ಲೇ ನಿಂತುಹೋಯಿತು, ಮತ್ತೆ ಮೊದಲಿಂದ ಮಾಡಿದಾಗ ಆಯಿತು. ಡ್ರೈವರ್ ಎಲ್ಲ ಅಪ್‌ಡೇಟ್ ಮಾಡಿದೆ. ಆಂಟಿವೈರಸ್ ಓಡಿಸಿದೆ, ಏನೂ ಸಿಗಲಿಲ್ಲ. ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆದೆ. ಪರಿಚಯದವರೊಬ್ಬರು ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಿ ಅಂದರು. ಇನ್ನೊಬ್ಬರು ಎಸ್‌ಎಸ್‌ಡಿ ಅಂದರು. ಕೂಡಿಟ್ಟ ದುಡ್ಡಲ್ಲಿ ತೆಗೆದುಕೊಂಡಿದ್ದು ಇದು, ಊಹೆ ಮೇಲೆ ಒಂದೊಂದೇ ಭಾಗ ಬದಲಾಯಿಸುತ್ತಾ ಹೋಗುವ ಶಕ್ತಿ ನನಗಿಲ್ಲ. ಮಗನ ಓದು, ನನ್ನ ಅನುವಾದದ ಕೆಲಸ ಎರಡೂ ಇದರಲ್ಲೇ ಆಗಬೇಕು. ಹಳೇ ಲ್ಯಾಪ್‌ಟಾಪ್‌ನಲ್ಲಿದ್ದ ಫೋಟೋಗಳನ್ನೂ ಇದಕ್ಕೇ ಕಾಪಿ ಮಾಡಿದ್ದೇನೆ, ಆ ಲ್ಯಾಪ್‌ಟಾಪನ್ನು ಈ ವಾರ ಬೇರೆಯವರಿಗೆ ಕೊಡುವುದಿದೆ. ಎಲ್ಲಿಂದ ಶುರು ಮಾಡಲಿ ಹೇಳಿ.

ಕೀಲಿಮಣೆ:

ಎಸ್‌ಎಸ್‌ಡಿ ನೋಡಿಬಿಡಿ ಮೊದಲು. ನನ್ನದೂ ಹೀಗೇ ಆಗುತ್ತಿತ್ತು, ಇನ್‌ಸ್ಟಾಲ್ ಮಧ್ಯದಲ್ಲೇ ನಿಲ್ಲುತ್ತಿತ್ತು, ಕೊನೆಗೆ ನೋಡಿದರೆ ಡಿಸ್ಕ್ ಹೋಗಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಉಚಿತ ತಂತ್ರಾಂಶ ಇದೆ, ಹಾಕಿಕೊಂಡು ಏನು ತೋರಿಸುತ್ತದೆ ಅಂತ ಹೇಳಿ. ಎರಡೇ ನಿಮಿಷದ ಕೆಲಸ.

ತಿರುಪುಳಿ:

ಮಳೆಹನಿ ಅವರೇ, ಬೇರೆಲ್ಲದಕ್ಕಿಂತ ಮೊದಲು ಒಂದು ಮಾತು. ಆ ಲ್ಯಾಪ್‌ಟಾಪ್ ಈಗಲೇ ಯಾರಿಗೂ ಕೊಡಬೇಡಿ. ಅದರಲ್ಲಿರುವ ಫೋಟೋ ಒಂದನ್ನೂ ಅಳಿಸಬೇಡಿ.

ಯಾಕೆ ಅಂದರೆ, ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ರ‍್ಯಾಮ್ ಮೇಲೆ ಅನುಮಾನ. ಯಾವ ಫೈಲ್ ಕಾಪಿ ಮಾಡಿದರೂ ಅದು ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ಅದಲುಬದಲಾದರೆ ಕಂಪ್ಯೂಟರ್‌ಗೆ ಅದು ಗೊತ್ತೇ ಆಗುವುದಿಲ್ಲ, ತಪ್ಪಾದದ್ದನ್ನೇ ಸರಿ ಅಂತ ಡಿಸ್ಕಿಗೆ ಬರೆದು ಕಾಪಿ ಮುಗಿಯಿತು ಅಂತ ತೋರಿಸುತ್ತದೆ. ಫೈಲ್ ಹೆಸರು ಸರಿ ಇರುತ್ತದೆ, ಸೈಜ್ ಸರಿ ಇರುತ್ತದೆ, ಎರಡು ವರ್ಷ ಬಿಟ್ಟು ತೆಗೆದು ನೋಡಿದಾಗ ಫೋಟೋದ ಕೆಳಗಿನ ಅರ್ಧ ಬೂದು ಬಣ್ಣ. ಅಷ್ಟು ಹೊತ್ತಿಗೆ ಮೂಲ ಪ್ರತಿ ಎಲ್ಲಿರುತ್ತದೆ? ನಾನು ಹೀಗೆ ಮನೆಯ ಫೋಟೋಗಳನ್ನು ಕಳೆದುಕೊಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ವಿಷಯಕ್ಕೆ. ನಿಮಗೆ ಆಗುತ್ತಿರುವುದು ಎರಡು ಥರದ ಕ್ರ್ಯಾಶ್. ನೀಲಿ ಪರದೆ ಅಂದರೆ ವಿಂಡೋಸ್ ಏನೋ ತಪ್ಪನ್ನು ಗುರುತಿಸಿ ತಾನಾಗಿ ನಿಂತಿದೆ ಅಂತ ಅರ್ಥ. ಟಕ್ ಅಂತ ಕಪ್ಪಾಗುವುದು ಬೇರೆ, ಅಲ್ಲಿ ವಿಂಡೋಸ್‌ಗೆ ಏನನ್ನೂ ಬರೆದಿಡುವಷ್ಟು ಸಮಯವೇ ಸಿಕ್ಕಿಲ್ಲ. ಎರಡಕ್ಕೂ ಕಾರಣ ಒಂದೇ ಇರಬಹುದು, ಬೇರೆ ಬೇರೆಯೂ ಇರಬಹುದು. ಸೆಕೆಂಡ್‌ಹ್ಯಾಂಡ್ ಮಷಿನ್‌ನಲ್ಲಿ ಎರಡು ಕಾಯಿಲೆ ಒಟ್ಟಿಗೆ ಇರುವುದು ಅಪರೂಪ ಏನಲ್ಲ. ಅದಕ್ಕೆ ಒಂದು ಸರಿಮಾಡಿದ ಮೇಲೂ ಕ್ರ್ಯಾಶ್ ಆದರೆ, ಮಾಡಿದ್ದು ತಪ್ಪು ಅಂತ ವಾಪಸ್ ಹೋಗಬೇಡಿ.

ಎರಡು ಸಲ ಹೊಸದಾಗಿ ವಿಂಡೋಸ್ ಹಾಕಿದ ಮೇಲೂ ಹೀಗಾಗುತ್ತಿದೆ ಅಂದರೆ ತಂತ್ರಾಂಶವನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಮೂರನೇ ಸಲ ಫಾರ್ಮ್ಯಾಟ್ ಮಾಡುವುದು ಬೇಡ. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್‌ಡ್ ಅಂತ ಇದೆ, ಅದರೊಳಗೆ ಸ್ಟಾರ್ಟಪ್ ಆ್ಯಂಡ್ ರಿಕವರಿ, ಅಲ್ಲಿ ತಾನೇ ರೀಸ್ಟಾರ್ಟ್ ಆಗುವ ಆಯ್ಕೆಯ ಟಿಕ್ ತೆಗೆದುಬಿಡಿ. ಆಗ ನೀಲಿ ಪರದೆ ನೀವು ಆಫ್ ಮಾಡುವ ತನಕ ಅಲ್ಲೇ ನಿಲ್ಲುತ್ತದೆ, ಕೆಳಗಿನ ಹೆಸರನ್ನು ಫೋನಿನಲ್ಲಿ ಫೋಟೋ ತೆಗೆಯಿರಿ.

ಹಿಂದೆ ಆಗಿದ್ದನ್ನೂ ನೋಡಬಹುದು. ಈವೆಂಟ್ ವ್ಯೂವರ್ ತೆಗೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್, ಅಲ್ಲಿ ಕರ್ನಲ್-ಪವರ್ 41 ಅಂತ ಕೆಂಪು ಗುರುತಿನ ಸಾಲುಗಳಿರುತ್ತವೆ. ಇದನ್ನು ನೋಡಿ ತುಂಬ ಜನ ಪವರ್ ಅಂತ ಇದೆಯಲ್ಲ, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಹೋಗಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಹಾಗಲ್ಲ. ಹಿಂದಿನ ಸಲ ಕ್ರಮವಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ ಅದು ಹೇಳುತ್ತದೆ. ಉಪಯೋಗಕ್ಕೆ ಬರುವುದು ಅದರ ಡೀಟೇಲ್ಸ್ ಟ್ಯಾಬ್. ಅಲ್ಲಿ ಬಗ್‌ಚೆಕ್‌ಕೋಡ್ ಅಂತ ಒಂದು ಸಂಖ್ಯೆ ಇರುತ್ತದೆ. ಸೊನ್ನೆ ಇದ್ದರೆ ನೀಲಿ ಪರದೆಯ ಲೆಕ್ಕ ಸಿಕ್ಕಿಲ್ಲ, ಕರೆಂಟ್ ಹೋದ ಹಾಗೆ ನಿಂತಿದೆ ಅಥವಾ ಪೂರ್ತಿ ಹ್ಯಾಂಗ್ ಆಗಿದೆ. ಬೇರೆ ಸಂಖ್ಯೆ ಇದ್ದರೆ ಅದೇ ನೀಲಿ ಪರದೆಯ ಕೋಡ್, ಆದರೆ ದಶಮಾನದಲ್ಲಿ ಇರುತ್ತದೆ. ಪ್ರತಿ ಸಾಲಿನ ದಿನಾಂಕ, ಸಂಖ್ಯೆ, ಆಗ ಏನು ಮಾಡುತ್ತಿದ್ದಿರಿ ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಇಲ್ಲಿ ಹಾಕಿ.

ಮಳೆಹನಿ:

ತುಂಬ ಥ್ಯಾಂಕ್ಸ್. ಲ್ಯಾಪ್‌ಟಾಪ್ ಕೊಡುವುದನ್ನು ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ನೀವು ಹೇಳಿದ್ದು ಓದಿ ಭಯವಾಯಿತು, ಅದರಲ್ಲಿ ಅಪ್ಪನ ಫೋಟೋಗಳೂ ಇವೆ.

ಕೀಲಿಮಣೆ ಅವರೇ, ಎಸ್‌ಎಸ್‌ಡಿ ಆರೋಗ್ಯ ಶೇ 91 ಅಂತ ತೋರಿಸುತ್ತಿದೆ, ಗುಡ್ ಅಂತ ನೀಲಿ ಬಣ್ಣದಲ್ಲಿದೆ. ಅದರೊಳಗೆ ಎಲ್ಲ ತಪ್ಪುಗಳ ಲೆಕ್ಕ ಸೊನ್ನೆ.

41ರ ಸಾಲುಗಳು 23 ಇದ್ದವು. 14ರಲ್ಲಿ ಸಂಖ್ಯೆ ಇದೆ: 26 ಜಾಸ್ತಿ ಸಲ, ಆಮೇಲೆ 80, 10, ಒಂದು ಸಲ 59. ಉಳಿದ 9ರಲ್ಲಿ ಸೊನ್ನೆ. ಬರೆದುಕೊಂಡ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಸಂಖ್ಯೆ ಇರುವವು ಬೆಳಿಗ್ಗೆ, ರಾತ್ರಿ ಯಾವಾಗ ಬೇಕಾದರೂ ಆಗಿವೆ. ಸೊನ್ನೆ ಇರುವ 9ರಲ್ಲಿ 8 ಸಂಜೆ 6ರಿಂದ 8ರ ಒಳಗೆ. ಅದು ಮಗ ಗೇಮ್ ಆಡುವ ಹೊತ್ತು.

ತಿರುಪುಳಿ:

ಆ ಹಾಳೆ ಜೋಪಾನವಾಗಿ ಇಡಿ, ಅರ್ಧ ಕೆಲಸ ಅದರಲ್ಲೇ ಮುಗಿದಿದೆ. ಸೊನ್ನೆಯವನ್ನು ಈಗ ಬಿಡೋಣ, ಸಂಖ್ಯೆ ಇರುವವನ್ನು ಮೊದಲು ನೋಡೋಣ.

ನೀಲಿ ಪರದೆಯ ಕೋಡ್‌ಗಳನ್ನು ಬರೆಯುವುದು ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ. 26 ಅಂದರೆ ಹೆಕ್ಸ್‌ನಲ್ಲಿ 1ಎ, ಮೆಮೊರಿ ಮ್ಯಾನೇಜ್‌ಮೆಂಟ್. 80 ಅಂದರೆ 50, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ. 10 ಅಂದರೆ ಎ, ಐಆರ್‌ಕ್ಯುಎಲ್ ನಾಟ್ ಲೆಸ್ ಆರ್ ಈಕ್ವಲ್. ಇವುಗಳಲ್ಲಿ ಯಾವುದೋ ಒಂದೇ ಮತ್ತೆ ಮತ್ತೆ ಬಂದು, ಪ್ರತಿ ಸಲ ಒಂದೇ ಡ್ರೈವರ್ ಹೆಸರು ತೋರಿಸಿದ್ದರೆ ಡ್ರೈವರ್ ಮೇಲೆ ಅನುಮಾನ ಪಡಬಹುದಿತ್ತು. ಹೀಗೆ ದಿನಕ್ಕೊಂದು ಕೋಡ್, ಏನು ಮಾಡುತ್ತಿದ್ದೀರಿ ಎನ್ನುವುದಕ್ಕೆ ಸಂಬಂಧವೇ ಇಲ್ಲದೆ ಬರುತ್ತಿದೆ ಅಂದರೆ ಜಾಸ್ತಿ ಸಲ ಅದು ರ‍್ಯಾಮ್. ವಿಂಡೋಸ್ ಹಾಕುವಾಗ ಫೈಲ್ ಸರಿಯಿಲ್ಲ ಅಂದದ್ದೂ ಇದಕ್ಕೆ ಹೊಂದುತ್ತದೆ. ಫೈಲ್ ಸರಿಯೇ ಇತ್ತು, ಬಿಚ್ಚುವಾಗ ರ‍್ಯಾಮಿನಲ್ಲಿ ಕೆಟ್ಟಿರಬೇಕು.

ಮೆಮ್‌ಟೆಸ್ಟ್86+ ಅಂತ ಮೆಮೊರಿ ಪರೀಕ್ಷೆಯ ತಂತ್ರಾಂಶ ಇದೆ, ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ. ಉಚಿತ, ಓಪನ್ ಸೋರ್ಸ್. ವಿಂಡೋಸ್ ಜೊತೆ ಬರುವ ಮೆಮೊರಿ ಪರೀಕ್ಷೆಯೂ ಇದೆ, ಆದರೆ ಅದು ಪಾಸ್ ಅಂದದ್ದನ್ನು ನಾನು ನಂಬುವುದಿಲ್ಲ, ಅದರ ಕಣ್ಣು ತಪ್ಪಿಸಿಕೊಂಡ ರ‍್ಯಾಮ್‌ಗಳನ್ನು ಮೆಮ್‌ಟೆಸ್ಟ್ ಹಿಡಿದಿದ್ದನ್ನು ನೋಡಿದ್ದೇನೆ. ಪೆನ್‌ಡ್ರೈವ್‌ನಿಂದ ಬೂಟ್ ಆಗದಿದ್ದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಸ್ವಲ್ಪ ಹೊತ್ತು ಆಫ್ ಮಾಡಬೇಕಾಗಬಹುದು. ಬಯೋಸ್ ಮುಟ್ಟುವ ಮುಂಚೆ ಒಂದು ಜಾಗ್ರತೆ: ವಿಂಡೋಸ್ 11ರಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್ ಸೆಟ್ಟಿಂಗ್ ಬದಲಾದ ಮೇಲೆ ವಿಂಡೋಸ್ ಆ ಕೀ ಕೇಳಬಹುದು, ಆಗ ಅದು ಕೈಯಲ್ಲಿ ಇಲ್ಲದಿದ್ದರೆ ಡಿಸ್ಕ್ ಒಳಗಿರುವುದೆಲ್ಲ ಬೀಗ ಹಾಕಿದ ಹಾಗೆ.

ಪರೀಕ್ಷೆ ರಾತ್ರಿ ಹಚ್ಚಿ ಮಲಗಿ. ಒಂದು ಸುತ್ತಿಗೆ ಗಂಟೆಗಟ್ಟಲೆ ಹಿಡಿಯಬಹುದು, ನಾಲ್ಕು ಸುತ್ತಾದರೂ ಆಗಬೇಕು. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಸಾವಿರ ಕೋಟಿ ಸಲ ಓದಿ ಬರೆದದ್ದರಲ್ಲಿ ಒಂದು ತಾನೇ ಅಂತ ಬಿಡುವ ಹಾಗಿಲ್ಲ, ಆ ಒಂದು ಬಿಟ್ ಎಲ್ಲಿ ಕೂರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ತಪ್ಪು ಬಂದರೆ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ, ಆಮೇಲೆ ಒಂದು ಸ್ಟಿಕ್ ತೆಗೆಯಿರಿ. ಉಳಿದ ಒಂದರ ಮೇಲೆ ಮತ್ತೆ ಪರೀಕ್ಷೆ. ಆಮೇಲೆ ಅದನ್ನು ತೆಗೆದು ಇನ್ನೊಂದು, ಅದೇ ಸ್ಲಾಟಿನಲ್ಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಸ್ಟಿಕ್ಕೂ ಸ್ಲಾಟೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ತೆಗೆದಾಗ ಅದರ ಮೇಲಿನ ಸ್ಟಿಕರ್ ಕೂಡ ಓದಿ ಬರೆಯಿರಿ, ಎರಡೂ ಒಂದೇ ಕಂಪನಿಯದಾ, ವೇಗ ಎಷ್ಟು ಅಂತ.

ಮಳೆಹನಿ:

ಮೂರು ರಾತ್ರಿ ಆಯಿತು, ಈಗ ಹೇಳುತ್ತೇನೆ.

ಎರಡೂ ಸ್ಟಿಕ್ ಇದ್ದಾಗ ಮೊದಲ ಸುತ್ತಲ್ಲೇ ಕೆಂಪು ಸಾಲುಗಳು, ಬೆಳಿಗ್ಗೆ ಎದ್ದು ನೋಡಿದಾಗ 312 ತಪ್ಪು. ಒಂದೊಂದೇ ಹಾಕಿದಾಗ ಎರಡೂ ಪಾಸ್! ಒಂದು ತಪ್ಪೂ ಇಲ್ಲ, ನಾಲ್ಕು ಸುತ್ತು ಪೂರ್ತಿ. ಮತ್ತೆ ಎರಡೂ ಹಾಕಿದೆ, ಮತ್ತೆ ತಪ್ಪು. ಸ್ಟಿಕರ್ ನೋಡಿದರೆ ಎರಡೂ ಬೇರೆ ಬೇರೆ ಕಂಪನಿಯವು. ಒಂದರ ಮೇಲೆ 3200 ಅಂತ ಇದೆ, ಇನ್ನೊಂದರ ಮೇಲೆ 3000. ಹಾಗಾದರೆ ಸ್ಲಾಟ್ ಹೋಗಿದೆಯಾ? ಮದರ್‌ಬೋರ್ಡ್ ಅಂದವರೇ ಸರಿಯಾ?

ತಿರುಪುಳಿ:

ಇಲ್ಲ, ಅಷ್ಟು ಬೇಗ ಬೋರ್ಡ್ ಮೇಲೆ ಹೊರಿಸಬೇಡಿ. ಸ್ಟಿಕ್ ಒಂದೊಂದೇ ಇದ್ದಾಗ ಪಾಸ್, ಜೊತೆಗಿದ್ದಾಗ ಫೇಲ್ ಅಂದರೆ ಮೊದಲು ನೋಡಬೇಕಾದ್ದು ಬಯೋಸ್. ಮೆಮೊರಿ ಎಷ್ಟರಲ್ಲಿ ಓಡುತ್ತಿದೆ ನೋಡಿ. ನನ್ನ ಊಹೆ: ಹಿಂದಿನ ಮಾಲೀಕರು ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ 3200ರಲ್ಲಿ ಬಿಟ್ಟಿದ್ದಾರೆ.

ಸ್ಟಿಕರ್ ಮೇಲಿನ 3200 ಎನ್ನುವುದು ಖಾತರಿ ವೇಗ ಅಂತ ತುಂಬ ಜನ ತಿಳಿದಿರುತ್ತಾರೆ. ಡಿಡಿಆರ್4 ರ‍್ಯಾಮ್‌ಗೆ ಸಾಮಾನ್ಯ ವೋಲ್ಟೇಜ್ 1.2. ಎಕ್ಸ್‌ಎಂಪಿ ಆನ್ ಮಾಡಿದರೆ ಅದನ್ನು ಸಾಧಾರಣವಾಗಿ 1.35ಕ್ಕೆ ಏರಿಸಿ ವೇಗವಾಗಿ ಓಡಿಸುತ್ತದೆ, ಅಂದರೆ ಅದೂ ಒಂದು ಥರ ಓವರ್‌ಕ್ಲಾಕ್. ನಿಮ್ಮ 2600 ಪ್ರೊಸೆಸರ್‌ಗೆ ಎಎಂಡಿ ಕೊಟ್ಟಿರುವ ಅಧಿಕೃತ ಮಿತಿ 2933. ಅದರ ಮೇಲೆ ಓಡಿದರೆ ಓಡಿತು, ಓಡದಿದ್ದರೆ ಯಾರನ್ನೂ ಕೇಳುವ ಹಾಗಿಲ್ಲ. ಅದರ ಜೊತೆಗೆ 3000ದ ಸ್ಟಿಕ್ಕನ್ನು ಇನ್ನೊಂದು ಕಂಪನಿಯ 3200ರ ಲೆಕ್ಕದಲ್ಲಿ ಓಡಿಸಿದರೆ ಒಂದೊಂದಾಗಿ ಹೇಗೋ ನಿಭಾಯಿಸಬಹುದು, ಎರಡೂ ಸೇರಿದಾಗ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಜಾಸ್ತಿಯಾಗಿ ಎಡವುತ್ತದೆ.

ಬಯೋಸ್ ಒಳಗೆ ಹೋಗಿ ಆಪ್ಟಿಮೈಸ್ಡ್ ಡೀಫಾಲ್ಟ್ಸ್ ಲೋಡ್ ಮಾಡಿ. ಅದಕ್ಕೂ ಮುಂಚೆ ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಡೀಫಾಲ್ಟ್ ಮಾಡಿದಾಗ ಎಫ್‌ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯ) ಆಫ್ ಆಗಿಬಿಡುವ ಬೋರ್ಡ್‌ಗಳೂ ಇವೆ, ಹಾಗಾಗಿದ್ದರೆ ಮತ್ತೆ ಆನ್ ಮಾಡಿ. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಮನೆಗೆ ಬಂದ ದಿನವೇ ಮಾಡಬೇಕಾದ ಕೆಲಸ ಇದು. ಡಿಸ್ಕ್ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಬಯೋಸ್ ಒಳಗೆ ಹಿಂದಿನವರು ಮಾಡಿಟ್ಟದ್ದು ಹಾಗೇ ಕೂತಿರುತ್ತದೆ.

ಮಳೆಹನಿ:

ನೀವು ಹೇಳಿದ ಹಾಗೇ ಇತ್ತು. ಮೆಮೊರಿ 3200. ಅಷ್ಟೇ ಅಲ್ಲ, ಪ್ರೊಸೆಸರ್ ಕೂಡ ಕೈಯಿಂದಲೇ 4.0 ಗಿಗಾಹರ್ಟ್ಸ್ ಅಂತ ಹಾಕಿಟ್ಟಿದ್ದರು. ಎಲ್ಲ ಡೀಫಾಲ್ಟ್ ಮಾಡಿದೆ, ಈಗ ಮೆಮೊರಿ 2400 ತೋರಿಸುತ್ತಿದೆ. ಎರಡೂ ಸ್ಟಿಕ್ ಹಾಕಿ ರಾತ್ರಿಯಿಡೀ ಪರೀಕ್ಷೆ ಮಾಡಿದೆ, ಆರು ಸುತ್ತು, ತಪ್ಪು ಸೊನ್ನೆ. ನಿನ್ನೆ ಮೊನ್ನೆ ಎರಡು ದಿನ ಪೂರ್ತಿ ಕೆಲಸ ಮಾಡಿದ್ದೇನೆ, ಒಂದೂ ನೀಲಿ ಪರದೆ ಇಲ್ಲ. ಇಷ್ಟು ದಿನ ಆದ ಮೇಲೆ ಮೊದಲ ಸಲ ಒಂದು ಅಧ್ಯಾಯ ನಿಲ್ಲದೆ ಮುಗಿಸಿದೆ.

ಆದರೆ ಇವತ್ತು ಸಂಜೆ ಮಗ ಗೇಮ್ ಹಾಕಿದ ಇಪ್ಪತ್ತು ನಿಮಿಷಕ್ಕೆ ಮತ್ತೆ ಟಕ್ ಅಂತ ಕಪ್ಪಾಗಿ ರೀಸ್ಟಾರ್ಟ್ ಆಯಿತು. 41, ಬಗ್‌ಚೆಕ್‌ಕೋಡ್ ಸೊನ್ನೆ.

ಬೆಸುಗೆ:

ಇಷ್ಟು ದಿನ ಓದುತ್ತಾ ಇದ್ದೆ, ಈಗ ನನ್ನ ವಿಷಯ ಬಂತು. ನೀಲಿ ಪರದೆಯ ಕಥೆ ಮುಗಿಯಿತು, ಇದು ಎರಡನೆಯದು. ಭಾರ ಬಿದ್ದಾಗ ಮಾತ್ರ ಟಕ್ ಅಂತ ಹೋಗುತ್ತದೆ ಅಂದರೆ ಬಿಸಿ ಅಥವಾ ಪವರ್.

ಬಿಸಿಯನ್ನು ಮೊದಲು ತಳ್ಳಿಹಾಕೋಣ, ಸುಲಭ. ಬಿಸಿ, ವೋಲ್ಟೇಜ್ ಎಲ್ಲ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಹಾಕಿ, ಅದರಲ್ಲಿ ಫೈಲಿಗೆ ಬರೆಯುವ ಲಾಗಿಂಗ್ ಆಯ್ಕೆ ಆನ್ ಮಾಡಿ ಗೇಮ್ ಆಡಲು ಬಿಡಿ. ಆಫ್ ಆದ ಮೇಲೆ ಕೊನೆಯ ಸಾಲು ನೋಡಿ. 2600ರ ಗರಿಷ್ಠ ಮಿತಿ 95 ಡಿಗ್ರಿ. ಬಿಸಿಯ ತೊಂದರೆ ಆದರೆ ಸಾಮಾನ್ಯವಾಗಿ ಮೊದಲು ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ, ಗೇಮ್ ಎಳೆಯಲು ಶುರುವಾಗುತ್ತದೆ, ಅದಾದ ಮೇಲೂ ಏರಿದರೆ ಮಾತ್ರ ಆಫ್. ನಿಮ್ಮಲ್ಲಿ ಮುನ್ಸೂಚನೆಯೇ ಇಲ್ಲ, ಆದ್ದರಿಂದ ನನಗೆ ಪವರ್ ಮೇಲೆ ಅನುಮಾನ ಜಾಸ್ತಿ.

ಇದನ್ನು ದುಡ್ಡು ಖರ್ಚಿಲ್ಲದೆ ಪರೀಕ್ಷೆ ಮಾಡಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಅಂತ ಒಂದು ತಂತ್ರಾಂಶ ಇದೆ, ಗ್ರಾಫಿಕ್ಸ್ ಕಾರ್ಡ್ ಯಾವ ಕಂಪನಿಯದಾದರೂ ನಡೆಯುತ್ತದೆ. ಅದರಲ್ಲಿ ಪವರ್ ಲಿಮಿಟ್ ಎನ್ನುವ ಗೆರೆಯನ್ನು ಶೇ 60ರ ಹತ್ತಿರ ಇಳಿಸಿ ಅದೇ ಗೇಮ್ ಆಡಿ. ಸ್ವಲ್ಪ ನಿಧಾನ ಆಗುತ್ತದೆ, ಆಗಲಿ. ಹಾಗೆ ಮಾಡಿದಾಗ ರೀಸ್ಟಾರ್ಟ್ ನಿಂತರೆ ಎಸ್‌ಎಂಪಿಎಸ್‌ನಿಂದ ಕಾರ್ಡ್‌ವರೆಗಿನ ದಾರಿಯಲ್ಲಿ ಎಲ್ಲೋ ಕರೆಂಟ್ ಸಾಲುತ್ತಿಲ್ಲ ಅಂತ ಹೆಚ್ಚುಕಡಿಮೆ ಖಚಿತ. ಫರ್‌ಮಾರ್ಕ್ ಥರದ್ದನ್ನು ಹಾಕಿ ಕಾರ್ಡಿಗೆ ಪೂರ್ತಿ ಭಾರ ಕೊಟ್ಟು ನೋಡಿ ಅಂತ ಯಾರಾದರೂ ಹೇಳಬಹುದು, ದಯವಿಟ್ಟು ಬೇಡ. ಅನುಮಾನ ಇರುವ ಪವರ್ ಸಪ್ಲೈ ಮೇಲೆ ಹಾಗೆ ಮಾಡುವುದು ಅಪಾಯ.

ಎಚ್‌ಡಬ್ಲ್ಯುಇನ್ಫೋದಲ್ಲೇ 12 ವೋಲ್ಟ್ ಎಷ್ಟಿದೆ ಅಂತಲೂ ಕಾಣುತ್ತದೆ, ಆದರೆ ಬೋರ್ಡ್ ಸೆನ್ಸರ್ ಹೇಳುವ ವೋಲ್ಟೇಜನ್ನು ಪೂರ್ತಿ ನಂಬಬೇಡಿ. ಲೆಕ್ಕದಲ್ಲಿ 11.4ರಿಂದ 12.6ರ ಒಳಗೆ ಇರಬೇಕು, ಸರಿಯಾಗಿ ತಿಳಿಯಬೇಕಾದರೆ ಮಲ್ಟಿಮೀಟರ್ ಬೇಕು. ಅದೂ ಕ್ಷಣಮಾತ್ರದ ಕುಸಿತವನ್ನು ತೋರಿಸುವುದಿಲ್ಲ.

ಇನ್ನೊಂದು, ಮುಖ್ಯವಾದದ್ದು. ಪ್ಲಗ್ ಕಿತ್ತು ಕ್ಯಾಬಿನೆಟ್ ತೆಗೆದು ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ 6 ಪಿನ್ನಿನ ವೈರು ಎಲ್ಲಿಂದ ಬರುತ್ತಿದೆ ಅಂತ ಬೆರಳಲ್ಲಿ ಹಿಡಿದು ಕೊನೆಯವರೆಗೆ ನೋಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ಆಗುವಷ್ಟು ಚಾರ್ಜ್ ಉಳಿದಿರಬಹುದು.

ಮಳೆಹನಿ:

ಬಿಸಿ ಅಲ್ಲ. ಆಫ್ ಆಗುವ ಕೊನೆಯ ಸಾಲಲ್ಲಿ ಪ್ರೊಸೆಸರ್ 68, ಕಾರ್ಡ್ 71.

ಪವರ್ ಲಿಮಿಟ್ ಶೇ 60 ಮಾಡಿದ ಮೇಲೆ ಎರಡು ಸಂಜೆ ಎರಡೆರಡು ಗಂಟೆ ಆಡಿದ, ಒಂದು ಸಲವೂ ಹೋಗಲಿಲ್ಲ. ವಾಪಸ್ 100 ಮಾಡಿದೆ, ಒಂಬತ್ತು ನಿಮಿಷಕ್ಕೆ ಹೋಯಿತು.

ಆಮೇಲೆ ತೆಗೆದು ನೋಡಿದೆ. ಎಸ್‌ಎಂಪಿಎಸ್‌ನಿಂದ 6 ಪಿನ್ನಿನ ವೈರು ಬಂದೇ ಇಲ್ಲ. ಡಿಸ್ಕಿಗೆ ಪವರ್ ಕೊಡುವ ಚಪ್ಪಟೆ ಕನೆಕ್ಟರ್ ಇರುತ್ತದಲ್ಲ, ಅದಕ್ಕೆ ಒಂದು ಕನ್ವರ್ಟರ್ ವೈರು ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಕಾರ್ಡಿಗೆ ಹಾಕಿದ್ದಾರೆ. ಆ ಚಪ್ಪಟೆ ಕನೆಕ್ಟರ್ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿದೆ, ಹತ್ತಿರ ಮೂಗಿಟ್ಟರೆ ಸುಟ್ಟ ವಾಸನೆ. ಎಳೆದರೆ ಸುಲಭಕ್ಕೆ ಬರುತ್ತಿಲ್ಲ.

ಬೆಸುಗೆ:

ಎಳೆಯಬೇಡಿ, ಕಂಪ್ಯೂಟರ್ ಆನ್ ಕೂಡ ಮಾಡಬೇಡಿ. ಸಿಕ್ಕಿತು.

ಅದು ಸಾಟಾ ಪವರ್ ಕನೆಕ್ಟರ್. ಅದರಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದು 1.5 ಆಂಪಿಯರ್ ಹೊರುತ್ತದೆ. ಒಟ್ಟು 4.5 ಆಂಪಿಯರ್, 12ರಿಂದ ಗುಣಿಸಿದರೆ 54 ವ್ಯಾಟ್. ಡಿಸ್ಕಿಗೆ ಅದು ಧಾರಾಳ. ಆದರೆ ಗ್ರಾಫಿಕ್ಸ್ ಕಾರ್ಡಿನ 6 ಪಿನ್ 75 ವ್ಯಾಟ್‌ವರೆಗೆ ಕೇಳಬಹುದು ಅಂತ ನಿಯಮವೇ ಇದೆ. 1060 ಒಟ್ಟು 120 ವ್ಯಾಟಿನ ಕಾರ್ಡ್, ಒಂದಷ್ಟನ್ನು ಸ್ಲಾಟಿನಿಂದ ತೆಗೆದುಕೊಳ್ಳುತ್ತದೆ, ಉಳಿದದ್ದು ಈ ವೈರಿನ ಮೇಲೆ ಬೀಳುತ್ತದೆ. ಗೇಮ್ ಆಡುವಾಗ ಕ್ಷಣಕ್ಷಣಕ್ಕೆ ಅದಕ್ಕಿಂತ ಮೇಲೂ ಜಿಗಿಯುತ್ತದೆ. ಚಿಕ್ಕ ಪಿನ್ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಹಿಡಿತ ಸಡಿಲ, ಸಡಿಲವಾದಷ್ಟೂ ಇನ್ನೂ ಬಿಸಿ. ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ. ಬ್ರೌಸರ್ ನೋಡುವಾಗ ಕಾರ್ಡಿಗೆ ಹೆಚ್ಚು ಕರೆಂಟ್ ಬೇಡ, ಅದಕ್ಕೇ ಆಗ ಸಾಮಾನ್ಯವಾಗಿ ಹೀಗೆ ಟಕ್ ಅಂತ ಹೋಗುತ್ತಿರಲಿಲ್ಲ. ಮಾರುವಾಗ ಅರ್ಧ ಗಂಟೆ ತೋರಿಸಿದಾಗಲೂ ಅಷ್ಟೇ.

ನಿಮ್ಮ ಎಸ್‌ಎಂಪಿಎಸ್‌ನಲ್ಲಿ 6 ಪಿನ್ ವೈರೇ ಇಲ್ಲ ಅಂದರೆ ಅದನ್ನು ಇಂಥ ಕಾರ್ಡಿಗೆ ಅಂತ ಮಾಡಿಯೇ ಇಲ್ಲ. ಡಬ್ಬಿ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿದ್ದರೂ ಅದನ್ನು ಬಿಡಿ, 12 ವೋಲ್ಟಿಗೆ ಎಷ್ಟು ಆಂಪಿಯರ್ ಅಂತ ಅದೇ ಲೇಬಲ್ಲಿನಲ್ಲಿ ಇರುವ ಸಾಲು ನೋಡಬೇಕು. ಖರ್ಚು ಮಾಡಬೇಕಾದ ಜಾಗ ಇದೊಂದೇ. ಒಳ್ಳೆಯ ಹೆಸರಿರುವ 450 ವ್ಯಾಟಿನದು ನಿಮ್ಮ ಮಷಿನ್‌ಗೆ ಸಾಕು, ಕಾರ್ಡಿನ ವೈರು ಅದರ ಜೊತೆಗೇ ಬಂದಿರಬೇಕು. ಇದನ್ನು ಮಾತ್ರ ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳಬೇಡಿ. ಹಳೇ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಡಬ್ಬಿಯಿಂದ ಕಿತ್ತು ತೆಗೆಯಬಹುದಾದ) ವೈರುಗಳು ಇದ್ದರೆ ಹೊಸದಕ್ಕೆ ಸಿಕ್ಕಿಸಬೇಡಿ, ಡಬ್ಬಿ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ನೋಡಲು ಒಂದೇ ಥರ ಇದ್ದರೂ ಬೋರ್ಡ್ ಸುಡಬಹುದು.

ಕಾರ್ಡ್ ಕಡೆಯ ಕನೆಕ್ಟರ್ ಕೂಡ ಕರಗಿದೆಯಾ ನೋಡಿ. ಕಾರ್ಡಿನ 6 ಪಿನ್ ಸಾಕೆಟ್ ಶುಭ್ರವಾಗಿದ್ದರೆ ಕಾರ್ಡ್ ಉಳಿದಿದೆ.

ಕೀಲಿಮಣೆ:

ನಾನು ಎಸ್‌ಎಸ್‌ಡಿ ಅಂದದ್ದು ತಪ್ಪಾಯಿತು. ಮಳೆಹನಿ ಅವರೇ, ಅದನ್ನು ಕೇಳಿ ಹೊಸದು ತೆಗೆದುಕೊಳ್ಳಲಿಲ್ಲ ಅಲ್ವಾ? ನನ್ನ ಮನೆಯ ಕಂಪ್ಯೂಟರ್ ತೆಗೆದು ನೋಡಿದೆ, ಅದರಲ್ಲೂ ಇಂಥದೇ ಕನ್ವರ್ಟರ್ ವೈರು ಇತ್ತು. ಇವತ್ತೇ ತೆಗೆದೆ.

ತಿರುಪುಳಿ:

ಹೊಸ ಎಸ್‌ಎಂಪಿಎಸ್ ಹಾಕಿ ಎಲ್ಲ ಸರಿಯಾದ ಮೇಲೆ ಎರಡು ಕೆಲಸ ಬಾಕಿ ಇದೆ. ಈಗಿರುವ ವಿಂಡೋಸ್ ಕೆಟ್ಟ ಮೆಮೊರಿಯಲ್ಲಿ ಹಾಕಿದ್ದು, ಅದನ್ನು ಇನ್ನೊಮ್ಮೆ ಹೊಸದಾಗಿ ಹಾಕಿ, ಈ ಸಲ ಅದಕ್ಕೆ ಅರ್ಥ ಇದೆ. ಹಾಕುವ ಮುಂಚೆ ಈ ಕೆಲವು ವಾರಗಳಲ್ಲಿ ಹೊಸದಾಗಿ ಮಾಡಿದ ಕೆಲಸದ ಫೈಲ್‌ಗಳನ್ನು ಬೇರೆ ಕಡೆ ತೆಗೆದಿಡಿ, ಒಂದೊಂದೂ ತೆರೆಯುತ್ತದೆಯಾ ನೋಡಿ. ಈಗಿರುವ ಫೋಟೋಗಳ ಪ್ರತಿಯನ್ನೂ ಬೇರೆ ಡಿಸ್ಕಿಗೆ ಹಾಕಿಡಿ.

ಆಮೇಲೆ ಫೋಟೋಗಳು. ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಅಂತ ಒಂದು ಆಜ್ಞೆ ಇದೆ, ಪ್ರತಿ ಫೈಲಿಗೂ ಒಂದು ಉದ್ದನೆಯ ಗುರುತು ಕೊಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಒಂದು ಪಟ್ಟಿ, ಇಲ್ಲಿ ಒಂದು ಪಟ್ಟಿ ಮಾಡಿ ಹೋಲಿಸಿ. ಒಂದು ಬಿಟ್ ಬೇರೆ ಇದ್ದರೂ ಗುರುತು ಪೂರ್ತಿ ಬೇರೆ ಬರುತ್ತದೆ. ಅದು ಮುಗಿಯುವ ತನಕ ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ.

ಮಳೆಹನಿ:

ಹೊಸ ಎಸ್‌ಎಂಪಿಎಸ್ ಹಾಕಿ ಇವತ್ತಿಗೆ 16 ದಿನ. ಕಾರ್ಡಿನ ಸಾಕೆಟ್ ಚೆನ್ನಾಗಿತ್ತು. ಪವರ್ ಲಿಮಿಟ್ 100ರಲ್ಲೇ ಇದೆ, ಮಗ ದಿನಾ ಆಡುತ್ತಾನೆ. ಈವೆಂಟ್ ವ್ಯೂವರ್‌ನಲ್ಲಿ 41 ಒಂದೂ ಇಲ್ಲ. ಮೆಮೊರಿ 2400ರಲ್ಲೇ ಬಿಟ್ಟಿದ್ದೇನೆ, ನನ್ನ ಕೆಲಸಕ್ಕೆ ಏನೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಕೀಲಿಮಣೆ ಅವರೇ, ಎಸ್‌ಎಸ್‌ಡಿ ತೆಗೆದುಕೊಳ್ಳಲಿಲ್ಲ, ನೀವು ಹೇಳಿದ ತಂತ್ರಾಂಶದಿಂದಲೇ ಅದು ಸರಿ ಇದೆ ಅಂತ ಗೊತ್ತಾಯಿತು.

ಫೋಟೋಗಳ ಪಟ್ಟಿ ನಿನ್ನೆ ಮುಗಿಯಿತು. 6,140 ಫೈಲ್‌ಗಳಲ್ಲಿ 11ರ ಗುರುತು ಬೇರೆ ಬಂತು. ಅದರಲ್ಲಿ ಎರಡು ತೆರೆಯಲೇ ಇಲ್ಲ. ಒಂದರಲ್ಲಿ ಅಪ್ಪ ಜಗಲಿ ಮೇಲೆ ಕೂತಿದ್ದಾರೆ, ಮುಖದ ಕೆಳಗೆಲ್ಲ ಬೂದು. ಹನ್ನೊಂದನ್ನೂ ಲ್ಯಾಪ್‌ಟಾಪ್‌ನಿಂದ ಮತ್ತೆ ಕಾಪಿ ಮಾಡಿ ಮತ್ತೆ ಹೋಲಿಸಿದೆ, ಈಗ ಎಲ್ಲವೂ ಒಂದೇ. ಇನ್ನೊಂದು ಪ್ರತಿ ಬೇರೆ ಡಿಸ್ಕಿಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಲ್ಯಾಪ್‌ಟಾಪನ್ನು ನಾಳೆ ಕೊಡುತ್ತೇನೆ.